ಆಯಾ, ವಾರ್ಡ್ ಬಾಯ್‌ಗಳಿಗೆ ಆಸ್ಟಿಯೋಪೊರೋಸಿಸ್ ಬಗ್ಗೆ ಏನು ಹೇಳಿಕೊಡಬೇಕು?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಅಕ್ಟೋಬರ್ 20ಕ್ಕೆ ವಿಶ್ವ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ದಿನ, ಆಯಾ, ವಾರ್ಡ್ ಬಾಯ್, ಕ್ಲೀನಿಂಗ್‌ನವರು, ಅಡುಗೆಯವರು ಎಲ್ಲರಿಗೂ ಒಂದು ಕ್ಲಾಸ್ ತಗೊಳ್ಳಿ ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಹೋದ ವರ್ಷ ಪವರ್‌ಪಾಯಿಂಟ್ ಹಾಕಿ ಒಂದು ಗಂಟೆ ಹೇಳಿದೆ. ಅರ್ಧ ಜನ ತೂಕಡಿಸಿದರು, ಉಳಿದವರು "ಸಿಸ್ಟರ್, ನಂಗೂ ಮಂಡಿ ನೋವು, ನಂಗೂ ಇದೇನಾ" ಅಂತ ಕೇಳಿದರು. ಇದರ ಮಧ್ಯೆ ಇನ್ನೊಂದು ಆಯಿತು. ಒಬ್ಬ ಆಯಾ 78 ವರ್ಷದ ಅಜ್ಜಿಯನ್ನು ಕೈ ಹಿಡಿದು ಎಬ್ಬಿಸಿ ಕೂರಿಸಿದರು, ಅಜ್ಜಿ "ಅಯ್ಯೋ ಬೆನ್ನು" ಅಂದರು, ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಕುಸಿದಿತ್ತು. ಮನೆಯವರು ಆಯಾ ಮೇಲೆ ಕೂಗಾಡಿದರು. ಅವತ್ತಿನಿಂದ ನಮ್ಮ ಸ್ಟಾಫ್ ವಯಸ್ಸಾದವರನ್ನು ಮುಟ್ಟೋಕೇ ಹೆದರುತ್ತಾರೆ. ನಮ್ಮ ಡಾಕ್ಟರೊಬ್ಬರು "ಇವರಿಗೆಲ್ಲ ಇದು ಯಾಕೆ, ನರ್ಸ್‌ಗಳಿಗೆ ಗೊತ್ತಿದ್ದರೆ ಸಾಕು" ಅಂತಾರೆ. ಒಂದು ಕಂಪನಿಯವರು ಹಿಮ್ಮಡಿ ಇಟ್ಟು ನೋಡುವ ಮೆಷಿನ್ ತಂದು ಸ್ಟಾಫ್‌ಗೆಲ್ಲ ಫ್ರೀ ಕ್ಯಾಂಪ್ ಮಾಡ್ತೀವಿ ಅಂದಿದ್ದಾರೆ. ಎಲ್ಲರಿಗೂ ಕ್ಯಾಲ್ಸಿಯಂ ಮಾತ್ರೆ ಕೊಟ್ಟುಬಿಡೋಣ ಅನ್ನುವ ಮಾತೂ ಇದೆ. ಏನು ಹೇಳಿಕೊಡಲಿ, ಎಷ್ಟು ಹೇಳಿಕೊಡಲಿ?

ಉತ್ತರ: ಸಿಸ್ಟರ್, ಮೊದಲು ಆ ಹೆದರಿಕೆಯ ವಿಷಯ ಮುಗಿಸೋಣ. ಅದು ಬಗೆಹರಿಯದೆ ನೀವು ಏನು ಹೇಳಿಕೊಟ್ಟರೂ ಯಾರ ತಲೆಗೂ ಹೋಗುವುದಿಲ್ಲ.

ಆ ಅಜ್ಜಿಯ ಮೂಳೆ ಆಯಾ ಎಳೆದಿದ್ದಕ್ಕೇ ಕುಸಿಯಿತಾ? ಎಕ್ಸ್‌ರೇ ನೋಡದೆ ನಾನು ಹೇಳಲಾರೆ, ನೋಡಿದ್ದರೂ ಖಂಡಿತವಾಗಿ ಹೇಳುವುದು ಕಷ್ಟವೇ. ಟೊಳ್ಳಾದ ಬೆನ್ನುಮೂಳೆ ಜೋರಾಗಿ ಕೆಮ್ಮಿದರೂ ಕುಸಿಯಬಹುದು, ಬಗ್ಗಿ ಬಿಂದಿಗೆ ಎತ್ತಿದರೂ ಕುಸಿಯಬಹುದು. ಇಂಥ ಕುಸಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸಾಯ್ತು, ಬೆನ್ನು ನೋವು ಸಹಜ ಅಂತ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದುಬಿಡುತ್ತಾರೆ. ಹಾಗಾಗಿ ಅಜ್ಜಿಯ ಬೆನ್ನಿನಲ್ಲಿ ಮೊದಲೇ ಆಗಿದ್ದ ಕುಸಿತ ಅವತ್ತು ಎಕ್ಸ್‌ರೇ ತೆಗೆದಿದ್ದರಿಂದ ಕಣ್ಣಿಗೆ ಬಿದ್ದಿರಲೂಬಹುದು. ಹಳೆಯದೋ ಹೊಸದೋ ಗೊತ್ತಾಗಬೇಕಾದರೆ ಸಾಮಾನ್ಯವಾಗಿ ಎಂಆರ್‌ಐ ಬೇಕು.

ಹಾಗಂತ ಕೈ ಹಿಡಿದು ಎಳೆದು ಎಬ್ಬಿಸಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪು ವಿಧಾನವೇ. ಆದರೆ ಸರಿಯಾದ ವಿಧಾನವನ್ನು ಅವರಿಗೆ ಯಾರು ತೋರಿಸಿದ್ದರು? ಬಹಳಷ್ಟು ಆಸ್ಪತ್ರೆಗಳಲ್ಲಿ ಹೊಸ ಆಯಾ ಹಳೆ ಆಯಾರನ್ನು ನೋಡಿ ಕಲಿಯುತ್ತಾರೆ, ಹಳಬರು ತಮ್ಮ ಮನೆಯ ಅಜ್ಜಿಯನ್ನು ಎಬ್ಬಿಸಿದ ಹಾಗೆಯೇ ವಾರ್ಡಿನ ಅಜ್ಜಿಯನ್ನೂ ಎಬ್ಬಿಸುತ್ತಾರೆ. ಬೈಗುಳ ತಿನ್ನುವಾಗ ಮಾತ್ರ ಒಬ್ಬರೇ.

ಈಗ ಮುಟ್ಟೋದೇ ಬೇಡ ಅಂತ ಬಿಟ್ಟರೆ ಏನಾಗುತ್ತದೆ ಗೊತ್ತಲ್ವಾ. ಮಲಗಿದಲ್ಲೇ ಮಲಗಿದವರ ಮಾಂಸಖಂಡ ಕೆಲವೇ ದಿನಗಳಲ್ಲಿ ಕರಗಲು ಶುರುವಾಗುತ್ತದೆ, ಮೂಳೆಯೂ ಇನ್ನಷ್ಟು ತೆಳುವಾಗುತ್ತದೆ, ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ ಮೊದಲ ಸಲ ಬಚ್ಚಲಿಗೆ ಎದ್ದಾಗಲೇ ಬೀಳುವುದು ಇಂಥವರೇ. ಹಾಗಾಗಿ ನಿಮ್ಮ ಕ್ಲಾಸಿನ ಮೊದಲ ಮಾತು "ಹುಷಾರಾಗಿರಿ" ಅಂತ ಆಗಬಾರದು. "ಧೈರ್ಯವಾಗಿ ಮುಟ್ಟಿ, ಹೇಗೆ ಅಂತ ನಾನು ತೋರಿಸ್ತೀನಿ" ಅಂತ ಇರಲಿ.

ಇನ್ನು ಇವರಿಗೆಲ್ಲ ಯಾಕೆ ಅಂದ ಡಾಕ್ಟರ್ ವಿಷಯ. ನಾನೂ ಮೂಳೆ ಡಾಕ್ಟರ್, ನಮ್ಮ ಜಾತಿಯ ದೌರ್ಬಲ್ಯ ನನಗೆ ಗೊತ್ತಿದೆ. ರೌಂಡ್ಸ್‌ನಲ್ಲಿ ಒಬ್ಬ ರೋಗಿಯ ಹತ್ತಿರ ನಾವು ನಿಲ್ಲುವುದು ಕೆಲವು ನಿಮಿಷ. ಅದೇ ರೋಗಿಯನ್ನು ಬೆಡ್‌ಪ್ಯಾನ್‌ಗೆ ತಿರುಗಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಟ್ರಾಲಿಯಿಂದ ಎಕ್ಸ್‌ರೇ ಟೇಬಲ್‌ಗೆ ಬದಲಾಯಿಸುವುದು, ಬೆಳಿಗ್ಗೆ ಕಾಫಿ ಕೊಡುವುದು, ನೆಲ ಒರೆಸುವುದು ಯಾರು? ಮೂಳೆ ಮುರಿಯುವುದು ಈ ಹೊತ್ತಿನಲ್ಲೇ ಹೊರತು ನಮ್ಮ ರೌಂಡ್ಸ್ ಹೊತ್ತಿನಲ್ಲಿ ಅಲ್ಲ. ನಿಮ್ಮ ಹೋದ ವರ್ಷದ ಕ್ಲಾಸ್ ಯಾಕೆ ಸೋತಿತು ಅನ್ನುವುದಕ್ಕೂ ಇದೇ ಕಾರಣ. ಅವರಿಗೆ ಬೇಕಿದ್ದದ್ದು ಕಾಯಿಲೆಯ ಪಾಠವಲ್ಲ, ತಾವು ದಿನಾ ಮಾಡುವ ಕೆಲಸದಲ್ಲಿ ಯಾವುದನ್ನು ಬದಲಾಯಿಸಬೇಕು ಅನ್ನುವುದು.

ಆದರೂ ಕಾಯಿಲೆ ಏನು ಅಂತ ಎರಡು ಮಾತು ಹೇಳದೆ ಆಗುವುದಿಲ್ಲ. ಮೂಳೆ ಅಂದರೆ ಒಮ್ಮೆ ಬೆಳೆದು ಹಾಗೇ ನಿಂತುಬಿಡುವ ವಸ್ತುವಲ್ಲ. ದೇಹ ಹಳೆ ಮೂಳೆಯನ್ನು ಕೆಡವುತ್ತಾ, ಹೊಸದನ್ನು ಕಟ್ಟುತ್ತಾ ಇರುತ್ತದೆ. ಸುಮಾರು 30 ವರ್ಷದವರೆಗೆ ಕಟ್ಟುವುದು ಜಾಸ್ತಿ, ಆಮೇಲೆ ನಿಧಾನವಾಗಿ ಕೆಡವುವುದು ಜಾಸ್ತಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಕೆಡವುವ ಕೆಲಸಕ್ಕೆ ಲಗಾಮು ತಪ್ಪುತ್ತದೆ, ಮೊದಲ ಐದಾರು ವರ್ಷಗಳಲ್ಲಿ ಮೂಳೆ ಬೇಗ ಬೇಗ ಸೋರಿಹೋಗುತ್ತದೆ. ನಮ್ಮ ಕಡೆ ಇದನ್ನು ಅರ್ಥ ಮಾಡಿಸುವುದು ಸುಲಭ: ಹೆಂಚಿನ ಮನೆಯ ಪಕಾಸಿಗೆ ಗೆದ್ದಲು ಹಿಡಿದರೆ ಹೊರಗಿನಿಂದ ಮರ ಮರದ ಹಾಗೇ ಕಾಣುತ್ತದೆ, ಭಾರ ಬಿದ್ದ ದಿನ ಗೊತ್ತಾಗುವುದು. ಇಷ್ಟು ಹೇಳಿ ನಿಲ್ಲಿಸಿ. ಮೂಳೆ ಕೆಡವುವ ಕೋಶ ಆಸ್ಟಿಯೋಕ್ಲಾಸ್ಟ್, ಅದರ ಚಿತ್ರವೆಲ್ಲ ಬೇಡ.

ಮಂಡಿ ನೋವಿನ ಪ್ರಶ್ನೆ ಈ ವರ್ಷವೂ ಬರುತ್ತದೆ. ಬರಲಿ, ಅಲ್ಲಿಂದಲೇ ಶುರು ಮಾಡಬಹುದು. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆ ಮುರಿಯುವವರೆಗೆ ನೋವೇ ಇರುವುದಿಲ್ಲ. ಮಂಡಿ ನೋವು ಹೆಚ್ಚಾಗಿ ಕೀಲಿನ ಸವೆತ, ಅದು ಬೇರೆ ಕಾಯಿಲೆ, ಔಷಧಿಯೂ ಬೇರೆ. ಒಬ್ಬರಿಗೇ ಎರಡೂ ಇರಬಹುದು, ಆದರೆ ಒಂದರಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. "ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬಂತು, ಹಾಗಾಗಿ ಮೂಳೆ ಗಟ್ಟಿ" ಅನ್ನುವವರೂ ಇದ್ದಾರೆ. ರಕ್ತದ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಮೂಳೆಯಿಂದ ತೆಗೆದು ಅದನ್ನು ಸರಿದೂಗಿಸುತ್ತದೆ, ಹಾಗಾಗಿ ಟೊಳ್ಳು ಮೂಳೆಯವರ ರಕ್ತದಲ್ಲೂ ಅದು ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ಎಕ್ಸ್‌ರೇಯೂ ಅಷ್ಟೇ, ಸುಮಾರು 30 ಪರ್ಸೆಂಟ್ ಮೂಳೆ ಹೋದ ಮೇಲೆಯೇ ಅದರಲ್ಲಿ ಕಾಣಿಸುವುದು.

"ನಾವು ಗದ್ದೆ, ತೋಟದಲ್ಲಿ ದುಡಿದವರು, ನಮಗೆ ಇದೆಲ್ಲ ಬರಲ್ಲ" ಅನ್ನುವ ಮಾತು ಅರ್ಧ ನಿಜ. ದುಡಿದ ಮೈಗೆ ಮೂಳೆ ಗಟ್ಟಿ ಇರುತ್ತದೆ. ಆದರೆ ಮುಟ್ಟು ನಿಂತ ಮೇಲೆ, ತೂಕ ಕಡಿಮೆ ಇದ್ದು ಹೊಟ್ಟೆಗೆ ಸರಿಯಾಗಿ ಬೀಳದೆ ಹೋದರೆ, ದುಡಿಮೆ ಒಂದೇ ಕಾಪಾಡುವುದಿಲ್ಲ. ಗಂಡಸರಿಗೆ ಬರಲ್ಲ ಅನ್ನುವುದಂತೂ ಸುಳ್ಳು. ತಡವಾಗಿ ಬರುತ್ತದೆ ಅಷ್ಟೇ. ಬೀಡಿ, ಕುಡಿತ ಇದ್ದರೆ ಬೇಗ.

ಸಾಗರದ ಕಡೆಯ ಸ್ಟಾಫ್ ಇದ್ದರೆ ಹಂದಿಗೋಡು ಕಾಯಿಲೆಯ ಮಾತು ಬಂದೇ ಬರುತ್ತದೆ. 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ ಆ ಕಾಯಿಲೆಯೇ ಬೇರೆ. ಅದು ವಂಶದಲ್ಲಿ ಬರುವಂಥದ್ದು, ಸೊಂಟದ ಕೀಲು ಹಾಳಾಗುತ್ತದೆ, ಕೆಲವರಲ್ಲಿ ಎತ್ತರವೂ ಕುಂಠಿತವಾಗುತ್ತದೆ. ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ ಅಂತ ಹೇಳಿ ಮುಂದೆ ಹೋಗಿ.

ಈಗ ಕೈಕೆಲಸ. ಕ್ಲಾಸಿನ ಮುಕ್ಕಾಲು ಪಾಲು ಇದಕ್ಕೇ ಇಡಿ, ಮತ್ತು ಹಾಲ್‌ನಲ್ಲಿ ಬೇಡ, ವಾರ್ಡಿನ ಒಂದು ಖಾಲಿ ಮಂಚದ ಹತ್ತಿರ ಮಾಡಿ. ಆರೇಳು ಜನ ಸಾಕು. ಒಬ್ಬರನ್ನು ಮಲಗಿಸಿ. ಆಯಾನೇ ಮಲಗಲಿ, ವಾರ್ಡ್ ಬಾಯ್ ಕೂಡ ಮಲಗಲಿ. ಮೊದಲು ಎರಡೂ ಕೈ ಹಿಡಿದು ನೆಟ್ಟಗೆ ಎಳೆದು ಕೂರಿಸಿ, ನಾವು ದಿನಾ ಮಾಡುವ ಹಾಗೆ. ನಿಧಾನಕ್ಕೆ, ಮಲಗುವವರು ಬೆನ್ನು ನೋವಿಲ್ಲದ ಚಿಕ್ಕವರಾಗಿರಲಿ. ಬೆನ್ನು ಹೇಗೆ ಬಿಲ್ಲಿನ ಹಾಗೆ ಮುಂದಕ್ಕೆ ಬಾಗುತ್ತದೆ, ಭುಜ ಹೇಗೆ ಎಳೆಯುತ್ತದೆ ಅಂತ ಮಲಗಿದವರಿಗೇ ಗೊತ್ತಾಗುತ್ತದೆ. ಟೊಳ್ಳಾದ ಬೆನ್ನುಮೂಳೆಯ ಮುಂಭಾಗ ಅಪ್ಪಚ್ಚಿಯಾಗುವುದು ಹೀಗೆ ಮುಂದಕ್ಕೆ ಬಾಗಿದಾಗಲೇ.

ಆಮೇಲೆ ಸರಿಯಾದದ್ದು. ಮೊದಲು ಅಜ್ಜಿಗೆ ಹೇಳಬೇಕು: "ಅಜ್ಜಿ, ಈ ಕಡೆ ತಿರುಗಿಸ್ತೀನಿ, ಮಂಡಿ ಮಡಚಿ." ಹೇಳದೆ ಮುಟ್ಟಿದರೆ ಅವರು ಬೆಚ್ಚಿ ಮೈ ಬಿಗಿ ಮಾಡುತ್ತಾರೆ. ಎರಡೂ ಮಂಡಿ ಮಡಚಿಸಿ, ಕೈಗಳನ್ನು ಎದೆಯ ಮೇಲೆ ಇಡಿಸಿ. ನಿಮ್ಮ ಒಂದು ಕೈ ಅವರ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗಬೇಕು. ಭುಜ ಮೊದಲು ತಿರುಗಿ ಸೊಂಟ ಅಲ್ಲೇ ಉಳಿದರೆ ಬೆನ್ನು ಹಿಂಡಿದ ಹಾಗಾಗುತ್ತದೆ. ಮಗ್ಗುಲಾದ ಮೇಲೆ ಎರಡೂ ಕಾಲನ್ನು ಮಂಚದ ಅಂಚಿನಿಂದ ಕೆಳಗೆ ಇಳಿಬಿಡಿ, ಕಾಲಿನ ಭಾರಕ್ಕೇ ಮೈ ಅರ್ಧ ಏಳುತ್ತದೆ. ಅಜ್ಜಿ ತನ್ನ ಮೊಣಕೈ ಊರಿ ತಳ್ಳಲಿ, ನೀವು ಹೆಗಲ ಹಿಂದೆ ಆಸರೆ ಕೊಡಿ ಅಷ್ಟೇ. ಕೂತ ಮೇಲೆ ತಕ್ಷಣ ನಿಲ್ಲಿಸಬೇಡಿ. ಒಂದೆರಡು ನಿಮಿಷ ಕೂರಲಿ, "ತಲೆ ತಿರುಗ್ತಿದೆಯಾ" ಅಂತ ಕೇಳಿ. ಬಿಪಿ ಮಾತ್ರೆ ತಿನ್ನುವವರಿಗೆ ಇದು ಬಹಳ ಮುಖ್ಯ.

ನಿಲ್ಲಿಸುವಾಗ ಮಂಚದ ಬ್ರೇಕ್ ಹಾಕಿದೆಯಾ ಅಂತ ಕಾಲಲ್ಲಿ ಒಮ್ಮೆ ಒತ್ತಿ ನೋಡಬೇಕು. ಅಜ್ಜಿಯ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಬೇಕು. ಹಿಡಿಯುವುದು ಸೊಂಟದ ಹತ್ತಿರ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, "ನನ್ನ ಕುತ್ತಿಗೆ ಹಿಡ್ಕೊಳ್ಳಿ ಅಜ್ಜಿ" ಅನ್ನಲೇಬೇಡಿ. ಅಜ್ಜಿಯ ಭುಜವೂ ಹೋಗುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ಆಯಾಗಳಿಗೆ ಈ ಪಾಠ ರುಚಿಸುವುದು ಹೆಚ್ಚಾಗಿ ಈ ಕೊನೆಯ ಕಾರಣಕ್ಕೇ, ಅದರಲ್ಲಿ ತಪ್ಪೇನೂ ಇಲ್ಲ. ಟ್ರಾಲಿಯಿಂದ ಮಂಚಕ್ಕೆ ಬದಲಾಯಿಸುವಾಗ ಅಡಿಯಲ್ಲಿ ಬೆಡ್‌ಶೀಟ್ ಇಟ್ಟು ಎರಡೂ ಕಡೆಯಿಂದ ಜನ ನಿಂತು ಸರಿಸಬೇಕು. ಒಬ್ಬರೇ ಇದ್ದರೆ "ಒಬ್ಬಳೇ ಮಾಡಲ್ಲ, ಇನ್ನೊಬ್ಬರನ್ನು ಕರೀತೀನಿ" ಅನ್ನುವ ಹಕ್ಕು ಆಯಾಗೆ ಇರಬೇಕು. ಈ ಹಕ್ಕನ್ನು ನೀವು, ಇನ್‌ಚಾರ್ಜ್ ಆದವರು, ಎಲ್ಲರ ಎದುರಿಗೇ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಕ್ಲಾಸ್ ಮುಗಿದ ಅರ್ಧ ಗಂಟೆಗೆ ಯಾರೋ ಒಬ್ಬರು "ಬೇಗ ಬೇಗ" ಅಂತ ಕೂಗುತ್ತಾರೆ, ಮತ್ತೆ ಹಳೆ ಕಥೆ. ಆಪರೇಷನ್ ಆದವರು, ಬೆನ್ನುಮೂಳೆ ಹೊಸದಾಗಿ ಕುಸಿದವರು ಇದ್ದರೆ ಸಿಸ್ಟರ್ ಅಥವಾ ಫಿಸಿಯೋ ಹೇಳುವವರೆಗೆ ಸ್ಟಾಫ್ ತಾವಾಗಿ ಎಬ್ಬಿಸಬಾರದು ಅನ್ನುವುದೂ ಸ್ಪಷ್ಟ ಇರಲಿ.

ಬಿದ್ದವರ ವಿಷಯದಲ್ಲಿ ನಮ್ಮ ಜನರ ಮೊದಲ ಕೆಲಸ ಎತ್ತಿ ಕೂರಿಸುವುದು. ನಾಚಿಕೆ, ಗಾಬರಿ, ಮನೆಯವರು ನೋಡಿಬಿಡುತ್ತಾರೆ ಅನ್ನುವ ಭಯ. ಬೇಡ ಅಂತ ಹೇಳಿ. ಅಲ್ಲೇ ಬಿಡಿ, ಒಂದು ಹೊದಿಕೆ ಹೊದಿಸಿ, ಸಿಸ್ಟರನ್ನು ಕರೆಯಿರಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ವಾಲಿದ್ದರೆ, ಕಾಲು ಎತ್ತಲು ಆಗದಿದ್ದರೆ, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿರುವ ಸಾಧ್ಯತೆ ಜಾಸ್ತಿ. ಈ ಚಿತ್ರವೊಂದನ್ನು ಪ್ರತಿಯೊಬ್ಬ ಸ್ಟಾಫ್ ನೆನಪಿಟ್ಟುಕೊಳ್ಳಬೇಕು, ಗೇಟಿನ ಸೆಕ್ಯುರಿಟಿಯವರೂ ಸಹ, ಯಾಕೆಂದರೆ ಹಳ್ಳಿಯಿಂದ ಓಮ್ನಿಯಲ್ಲಿ ಮಡಚಿ ಕೂರಿಸಿಕೊಂಡು ಬರುವ ಅಜ್ಜಿಯನ್ನು ಮೊದಲು ನೋಡುವುದು ಅವರೇ. ಅವರು "ಇಳಿಸಬೇಡಿ, ಟ್ರಾಲಿ ತರಿಸ್ತೀನಿ" ಅಂದರೆ ಸಾಕು. ಈ ಮುರಿತ ಸಣ್ಣದಲ್ಲ, ಒಂದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಒಂದೆರಡು ದಿನದೊಳಗೆ ಆಪರೇಷನ್ ಆಗಿ ಎದ್ದು ಕೂತವರಿಗೆ ಒಳ್ಳೆಯದಾಗುತ್ತದೆ. ಎಣ್ಣೆ ಹಚ್ಚಿ ನೀವಿಸಿ, ನಾಟಿ ಕಟ್ಟು ಕಟ್ಟಿಸಿ ವಾರ ಕಳೆದು ಬರುವವರು ಈಗಲೂ ಇದ್ದಾರೆ. ಅವರನ್ನು ಬೈಯಬೇಡಿ ಅಂತಲೂ ಸ್ಟಾಫ್‌ಗೆ ಹೇಳಿ. ಬೈಸಿಕೊಂಡವರು ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ.

ಕ್ಲೀನಿಂಗ್‌ನವರ ಪಾಲು ನನ್ನ ಪ್ರಕಾರ ಆಯಾಗಳಷ್ಟೇ ದೊಡ್ಡದು. ಮಳೆಗಾಲದಲ್ಲಿ ನಮ್ಮಲ್ಲಿ ಒರೆಸಿದ ನೆಲ ಒಣಗುವುದೇ ಇಲ್ಲ ಮಾರಾಯ್ರೆ, ಫ್ಯಾನ್ ಹಾಕಿದರೂ ಹಾಗೇ. ಕಾರಿಡಾರ್ ಪೂರ್ತಿ ಒಂದೇ ಸಲ ಒರೆಸುವ ಬದಲು ಅರ್ಧ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಎಳೆದು, ಆಮೇಲೆ ಉಳಿದರ್ಧ. ಬೆಳಗಿನ ಜಾವ ವಯಸ್ಸಾದವರು ಬಚ್ಚಲಿಗೆ ಏಳುವ ಹೊತ್ತಿಗೇ ಒರೆಸುವ ಪದ್ಧತಿ ಇದ್ದರೆ ಆ ಟೈಮನ್ನೇ ಬದಲಾಯಿಸಿ. ಕೆಸರು ಕಾಲಿಗೆ ಅಂತ ಬಾಗಿಲಲ್ಲಿ ಹಾಕುವ ಗೋಣಿಚೀಲ ಇನ್ನೊಂದು ಅಪಾಯ. ನೆನೆದು ಮುದ್ದೆಯಾಗಿ ಅಂಚು ಮಡಚಿಕೊಂಡಿರುತ್ತದೆ, ಪಾದ ಎತ್ತಿಡಲಾರದೆ ಎಳೆದು ನಡೆಯುವ ಅಜ್ಜ ಅದಕ್ಕೇ ಎಡವುವುದು. ಚಪ್ಪಲಿ ಹೊರಗೆ ಬಿಡಿಸುವ ವಾರ್ಡುಗಳಲ್ಲಿ ಹಲವರು ಚಳಿಗೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಾರೆ, ನುಣುಪು ಟೈಲ್ಸ್ ಮೇಲೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ರಾತ್ರಿ ಪಾಳಿಯವರು ನೀರಿನ ಬಾಟಲಿ, ಕನ್ನಡಕ, ಬೆಲ್ ಅಥವಾ ಟಾರ್ಚ್ ಕೈಗೆಟಕುವ ಹಾಗೆ ಇಟ್ಟಿದೆಯಾ ಅಂತ ನೋಡಿ ಹೋದರೆ ಅರ್ಧ ಬೀಳುವಿಕೆ ತಪ್ಪುತ್ತದೆ ಅಂತ ಲೆಕ್ಕ ಕೊಡಲಾರೆ, ಆದರೆ ಕತ್ತಲಲ್ಲಿ ಇವನ್ನೇ ತಡಕುವಾಗ ಬೀಳುವವರಿದ್ದಾರೆ.

ಕಾಫಿ ಕೊಡುವವರಿಗೆ ಒಂದೇ ಒಂದು ವಿಷಯ. ಮೂಳೆಗೆ ವಾರಕ್ಕೊಮ್ಮೆ ತಿನ್ನುವ ಅಲೆಂಡ್ರೋನೇಟ್ 70 ಮಿಲಿಗ್ರಾಂ ಮಾತ್ರೆ ಇದೆಯಲ್ಲ, ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ಹಾಲಿಲ್ಲ, ಮಲಗುವ ಹಾಗೂ ಇಲ್ಲ. ಕಾಫಿ ಜೊತೆ ನುಂಗಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಮಲಗಿದರೆ ಅನ್ನನಾಳ ಸುಡಬಹುದು. ಮಲೆನಾಡಿನವರಿಗೆ ಎದ್ದ ಕೂಡಲೇ ಕಾಫಿ ಬೇಕು, ಸ್ಟಾಫ್ ಪ್ರೀತಿಯಿಂದಲೇ ತಂದು ಕೊಡುತ್ತಾರೆ, ಸಾವಿರಾರು ರೂಪಾಯಿಯ ಚಿಕಿತ್ಸೆ ಒಂದು ಲೋಟ ಕಾಫಿಯಲ್ಲಿ ಹೋಗುತ್ತದೆ. ಆ ದಿನ ಆ ಮಂಚಕ್ಕೆ ಒಂದು ಬಣ್ಣದ ಚೀಟಿ ತೂಗುಹಾಕಿ, ಚೀಟಿ ಇದ್ದರೆ ಸಿಸ್ಟರನ್ನು ಕೇಳಿ ಕಾಫಿ ಕೊಡಿ ಅನ್ನಿ. ಓದು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ.

ಪ್ಲಾಸ್ಟರ್ ರೂಮಿನ ಅಟೆಂಡರ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಯಾವ ಕ್ಲಾಸಿನಲ್ಲೂ ಅವರ ನೆನಪೇ ಬರುವುದಿಲ್ಲ. 55, 60 ವರ್ಷದ ಹೆಂಗಸು ಅಂಗಳದ ಪಾಚಿಯ ಮೇಲೆ ಜಾರಿ ಕೈ ಊರಿ ಬೀಳುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಪ್ಲಾಸ್ಟರ್ ಹಾಕುತ್ತೇವೆ, ಆರು ವಾರಕ್ಕೆ ಬಿಚ್ಚುತ್ತೇವೆ, ಕಳಿಸುತ್ತೇವೆ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದು ಮೂಳೆ ಟೊಳ್ಳಾಗಿರುವ ಸೂಚನೆ ಇರಬಹುದು, ಒಮ್ಮೆ ಹೀಗೆ ಮುರಿದವರಿಗೆ ಮತ್ತೊಂದು ಮೂಳೆ ಮುರಿಯುವ ಸಂಭವ ಹೆಚ್ಚುಕಡಿಮೆ ಇಮ್ಮಡಿ. ಇದನ್ನು ಹೇಳಬೇಕಾದವರು ನಾವು, ಆದರೆ ಓಪಿಡಿ ಗಲಾಟೆಯಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಪ್ಲಾಸ್ಟರ್ ಬಿಚ್ಚುವ ಮನುಷ್ಯ ಮಾತ್ರ ಕಾಲು ಗಂಟೆ ಆ ಹೆಂಗಸಿನ ಪಕ್ಕದಲ್ಲೇ ಇರುತ್ತಾನೆ. "ಅಮ್ಮ, ಸುಮ್ನೆ ಬಿದ್ದಿದ್ದಕ್ಕೆ ಮುರೀತಲ್ಲ, ಮೂಳೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಒಂದು ಮಾತು ಕೇಳಿ" ಅಂತ ಅವನು ಹೇಳಿದರೆ, ನಾವು ಬರೆಯುವ ಎಷ್ಟೋ ಚೀಟಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಅಷ್ಟೇ ಹೇಳಬೇಕು. ಯಾವ ಮಾತ್ರೆ ಅಂತ ಹೇಳಬಾರದು.

ಹಾಗೆಯೇ ಆಯಾಗಳ ಕಣ್ಣಿಗೆ ಬೀಳುವ ಕೆಲವು ಇವೆ. "ಮೊದಲು ಸರಿ ಇದ್ದ ನೈಟಿ ಈಗ ನೆಲಕ್ಕೆ ತಾಗುತ್ತೆ" ಅನ್ನುವ ಅಜ್ಜಿ, ದಿಂಬು ಎರಡಿಟ್ಟರೂ ತಲೆ ಹಿಂದಕ್ಕೆ ಒರಗದ ಗೂನು ಬೆನ್ನು, ಕೆಮ್ಮಿದ ಮೇಲೆ ಇದ್ದಕ್ಕಿದ್ದ ಹಾಗೆ ಶುರುವಾದ ಬೆನ್ನು ನೋವು. ಇದನ್ನು ಸಿಸ್ಟರಿಗೆ ಹೇಳಿದರೆ "ನಿನಗ್ಯಾಕೆ" ಅನ್ನುವ ಉತ್ತರ ಬರಬಾರದು. ಒಮ್ಮೆ ಹಾಗಂದರೆ ಆಯಾ ಮತ್ತೆ ಬಾಯಿ ಬಿಡುವುದಿಲ್ಲ.

ಇನ್ನು ಕ್ಲಾಸ್ ಹೇಗೆ ನಡೆಸುವುದು ಅನ್ನುವ ವಿಷಯ. ಅಕ್ಟೋಬರ್ 20ಕ್ಕೆ ಒಂದೇ ದಿನ ಎಲ್ಲರನ್ನೂ ಸೇರಿಸಿ ಮಾಡಿದರೆ ಫೋಟೋ ಚೆನ್ನಾಗಿ ಬರುತ್ತದೆ, ದೀಪಾವಳಿ ಹೊತ್ತಿಗೆ ಮರೆತಿರುತ್ತಾರೆ. ಬೇಕಾದರೆ ಅದನ್ನೂ ಮಾಡಿ, ಮ್ಯಾನೇಜ್‌ಮೆಂಟಿಗೂ ಸಮಾಧಾನವಾಗಲಿ. ನಿಜವಾದ ಕಲಿಕೆಗೆ ಪಾಳಿ ಬದಲಾಗುವ ಹೊತ್ತಿನಲ್ಲಿ 20 ನಿಮಿಷ, ತಿಂಗಳಿಗೊಮ್ಮೆ, ಒಂದು ಸಲಕ್ಕೆ ಒಂದೇ ಕೆಲಸ. ಈ ತಿಂಗಳು ಎಬ್ಬಿಸುವುದು, ಮುಂದಿನ ತಿಂಗಳು ನೆಲ. ರಜೆ ದಿನ ಕರೆಸಬೇಡಿ, ಡ್ಯೂಟಿ ಟೈಮಿನಲ್ಲೇ ಆಗಲಿ. "ಅರ್ಥ ಆಯ್ತಾ" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಹಾಗಾಗಿ ಮಾಡಿ ತೋರಿಸಿ ಅನ್ನಿ. ಇಬ್ಬರು ಚುರುಕಿನ ಹಳೆ ಆಯಾಗಳಿಗೆ ಚೆನ್ನಾಗಿ ಕಲಿಸಿ ಅವರಿಂದ ಉಳಿದವರಿಗೆ ಕಲಿಸಬಹುದು, ಅವರ ಮಾತು ನಿಮ್ಮ ಮಾತಿಗಿಂತ ಬೇಗ ನಾಟುತ್ತದೆ. ತೊಂದರೆ ಎರಡು: ಗುತ್ತಿಗೆಯವರಾದರೆ ಏಜೆನ್ಸಿ ಬದಲಾದ ದಿನ ನಿಮ್ಮ ತರಬೇತಿಯೂ ಅವರ ಜೊತೆಗೇ ಹೋಗುತ್ತದೆ, ಇನ್ನು ಕೆಲವರು ಸ್ವಲ್ಪ ಕಲಿತ ಕೂಡಲೇ ರೋಗಿಗಳಿಗೆ ಔಷಧಿ ಸಲಹೆ ಕೊಡಲು ಶುರು ಮಾಡುತ್ತಾರೆ. ಆ ಗೆರೆ ಎಲ್ಲಿದೆ ಅಂತ ಮೊದಲ ದಿನವೇ ಹೇಳಿ. ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸುವುದು ನೆನಪಿಸಲು ಪರವಾಗಿಲ್ಲ. ರೋಗಿಯ ಮುಖ ಇರುವ ವಿಡಿಯೋ ಮಾತ್ರ ಯಾವ ಕಾರಣಕ್ಕೂ ಬೇಡ.

ಇನ್ನು ಸ್ಟಾಫಿನ ಸ್ವಂತ ಮೂಳೆ. ನಿಮ್ಮ ಆಯಾಗಳಲ್ಲಿ ಹೆಚ್ಚಿನವರು ನಲವತ್ತು ದಾಟಿದವರೇ ಇರಬೇಕು. ಇವರ ಊಟ ನೋಡಿ: ಬೆಳಿಗ್ಗೆ ಅಕ್ಕಿರೊಟ್ಟಿಯೋ ಕಡುಬೋ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. 100 ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ, ಅಷ್ಟೇ ರಾಗಿಯಲ್ಲಿ ಸುಮಾರು 360 ಇದೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ರಾಗಿ ಬಯಲುಸೀಮೆಯವರ ಊಟ ಅನ್ನುವ ಬಿಗುಮಾನ ಬಿಟ್ಟು ದಿನಕ್ಕೊಮ್ಮೆ ಅಂಬಲಿ ಕುಡಿದರೂ ಆದೀತು. ಜೊತೆಗೆ ಒಂದೆರಡು ಲೋಟ ಹಾಲು ಅಥವಾ ಮಜ್ಜಿಗೆ, ಎಳ್ಳಿನ ಚಟ್ನಿ, ನುಗ್ಗೆಸೊಪ್ಪು, ತಿನ್ನುವವರಿಗೆ ಮುಳ್ಳು ಸಮೇತ ಸಣ್ಣ ಒಣಮೀನು. "ಎಲೆ ಅಡಿಕೆ ಜೊತೆ ಸುಣ್ಣ ತಿಂತೀವಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ, ಸುಣ್ಣದ ಆಸೆಗೆ ಅದನ್ನು ತಿನ್ನುವ ಹಾಗಿಲ್ಲ.

ಬಿಸಿಲಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಬೆಳಗಿನ ಎಳೆಬಿಸಿಲು ಹಿತವೇ, ಆದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚು ಹುಟ್ಟುವುದಿಲ್ಲ. ಸೂರ್ಯ ನೆತ್ತಿಯ ಕಡೆ ಇರುವಾಗ, ಅಂದಾಜು 11ರಿಂದ 2ರ ನಡುವೆ, ಕೈಕಾಲಿಗೆ ಬಿಸಿಲು ಬೀಳಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸಿಗುವುದೇ ಅಪರೂಪ, ಬೇಸಿಗೆಯಲ್ಲೂ ಸ್ಟಾಫ್ ಆ ಹೊತ್ತು ವಾರ್ಡಿನ ಒಳಗಿರುತ್ತಾರೆ. ಊಟದ ಬಿಡುವಿನಲ್ಲಿ ಹೊರಗೆ ಕೂತು ತಿನ್ನಲು ಜಾಗ ಮಾಡಿಕೊಟ್ಟರೆ ಒಳ್ಳೆಯದು.

ಎಲ್ಲರಿಗೂ ಕ್ಯಾಲ್ಸಿಯಂ ಮಾತ್ರೆ ಹಂಚುವುದು ಬೇಡ. ಊಟದಲ್ಲಿ ಕಡಿಮೆ ಬೀಳುವವರಿಗೆ ಕೊಡುವುದು ಸರಿ, ಆದರೆ ಕಿಡ್ನಿ ಕಲ್ಲು ಆದವರು, ಥೈರಾಯ್ಡ್ ಅಥವಾ ಕಬ್ಬಿಣದ ಮಾತ್ರೆ ತಿನ್ನುವವರು ಇರುತ್ತಾರೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು. ವಿಟಮಿನ್ ಡಿ 60,000 ಯೂನಿಟ್ ಸ್ಯಾಶೆ ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ತಿಂದು ವಾಂತಿ, ಸುಸ್ತು, ಕಿಡ್ನಿ ಏಟು ಅಂತ ಬಂದವರಿದ್ದಾರೆ. ಇದಕ್ಕಿಂತ ದೊಡ್ಡ ಅಪಾಯ, ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಹೆಸರಿಲ್ಲದ ಮಾತ್ರೆ, ಪುಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ನೋವು ಮಾಯವಾಗುತ್ತದೆ, ಮೂರು ತಿಂಗಳಲ್ಲೇ ಮೂಳೆ ಸೋರಲು ಶುರು. ಈಗಾಗಲೇ ತುಂಬಾ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರ ಹತ್ತಿರ ಆ ಪೊಟ್ಟಣ ಹಿಡಿದೇ ಬರಲಿ.

ಕ್ಯಾಂಪ್ ಬಗ್ಗೆ ನನಗೆ ಅನುಮಾನ ಜಾಸ್ತಿ. ಹಿಮ್ಮಡಿ ಮೆಷಿನ್ ಅಲ್ಟ್ರಾಸೌಂಡ್‌ನಲ್ಲಿ ಒಂದು ಅಂದಾಜು ಕೊಡುತ್ತದೆ, ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದಿಲ್ಲ. ತೀರ್ಮಾನಕ್ಕೆ ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಸಾಂದ್ರ ಅಂತ ಅಳೆಯುವ ಎಕ್ಸ್‌ರೇ) ಬೇಕು, ಅದರಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಚಿಕ್ಕವರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್. ಕ್ಯಾಂಪಿನಲ್ಲಿ ಕೆಂಪು ಬಂದವರು ರಾತ್ರಿಯಿಡೀ ನಿದ್ದೆಗೆಡುತ್ತಾರೆ, ಪಕ್ಕದ ಟೇಬಲ್ಲಿನಲ್ಲಿ ಆರು ತಿಂಗಳ ಮಾತ್ರೆ ಕೊಳ್ಳುತ್ತಾರೆ. ಹಸಿರು ಬಂದವರು ಗರ್ಭಕೋಶದ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಲ್ಲಿ ತೆಗೆಸಿದ್ದರೂ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ನಿಜಕ್ಕೂ ಪರೀಕ್ಷೆ ಬೇಕಾದವರು ಆ ಎರಡನೆಯವರು. ಮೆಷಿನ್ ಬದಲು ನೀವೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ, ಮುಟ್ಟು ಯಾವಾಗ ನಿಂತಿತು, ಆಪರೇಷನ್ ಆಗಿದೆಯಾ, ದೊಡ್ಡವರಾದ ಮೇಲೆ ಮೂಳೆ ಮುರಿದಿದೆಯಾ, ಅಪ್ಪ ಅಮ್ಮನಿಗೆ ಸೊಂಟ ಮುರಿದಿತ್ತಾ, ಸ್ಟೀರಾಯ್ಡ್ ಅಥವಾ ಫಿಟ್ಸ್ ಮಾತ್ರೆ ಬಹಳ ದಿನ ತಿಂದಿದ್ದಾರಾ ಅಂತ ಕೇಳಿ ಬರೆದುಕೊಳ್ಳಿ. ಹೌದು ಅಂದವರ ಪಟ್ಟಿಯನ್ನು ನಿಮ್ಮ ಡಾಕ್ಟರಿಗೆ ಕೊಡಿ, ಯಾರಿಗೆ ಡೆಕ್ಸಾ ಬೇಕು ಅಂತ ಅವರು ನಿರ್ಧರಿಸಲಿ. ಸ್ಕ್ಯಾನ್ ಖರ್ಚನ್ನು ಮ್ಯಾನೇಜ್‌ಮೆಂಟ್ ಭರಿಸಬಹುದಾ ಅಂತ ಈಗಲೇ ಕೇಳಿಡಿ, ಆಯಾ ಸಂಬಳದಲ್ಲಿ ಅದು ಭಾರವೇ. ಇಷ್ಟಾದರೂ ಮ್ಯಾನೇಜ್‌ಮೆಂಟ್ ಕ್ಯಾಂಪ್ ಆಗಲೇಬೇಕು ಅಂದರೆ ಎರಡು ಷರತ್ತು ಹಾಕಿ: ರಿಪೋರ್ಟ್ ಕಂಪನಿಯವರ ಕೈಯಿಂದ ನೇರ ಸ್ಟಾಫಿಗೆ ಹೋಗದೆ ನಿಮ್ಮ ಡಾಕ್ಟರ ಮೂಲಕವೇ ಹೋಗಬೇಕು, ಆಸ್ಪತ್ರೆಯ ಆವರಣದಲ್ಲಿ ಆ ದಿನ ಮಾತ್ರೆ ಮಾರಾಟದ ಟೇಬಲ್ ಇರಬಾರದು. ಎರಡನೆಯದಕ್ಕೆ ಅವರು ಒಪ್ಪುತ್ತಾರಾ ನೋಡಿ, ಕ್ಯಾಂಪ್ ಯಾಕೆ ಮಾಡುತ್ತಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.